ಹಕ್ಕಿ ಅಕ್ಕಿಯಾದ ಕಥೆ: ಪಾಠದ ದನಿ ಮತ್ತು ಯುಎಸ್‌ಬಿ ಐಸೊಲೇಟರ್

(ಅಧ್ಯಾಪಕರು ಮತ್ತು ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವಿಷಯದ ಹೆಸರು ನೋಡಿ ಪುಟ ಮಗುಚಬೇಡಿ. ನಾನು ಇಂಜಿನಿಯರ್ ಅಲ್ಲ. ಬಿ.ಎಡ್. ಮುಗಿಸಿ ಮಕ್ಕಳಿಗೆ ಉರ್ದು ಮತ್ತು ಕನ್ನಡ ಕಲಿಸುತ್ತಿರುವ ಸಾಮಾನ್ಯ ಶಿಕ್ಷಕಿ. ತಂತಿ, ಪ್ಲಗ್ಗು, ಕರೆಂಟು ಇವುಗಳ ಬಗ್ಗೆ ನಾನು ತಿಳಿದುಕೊಂಡಿದ್ದು ಆಸಕ್ತಿಯಿಂದಲ್ಲ, ನನ್ನದೇ ಒಂದು ತಪ್ಪಿನಿಂದ. ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

2020ರಲ್ಲಿ ಶಾಲೆಗಳು ಮುಚ್ಚಿದ್ದವು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲ ಕಡೆಯ ಮಕ್ಕಳ ಹಾಗೆ ನನ್ನ ಮಕ್ಕಳೂ ಮನೆಯಲ್ಲಿದ್ದರು. ಕೆಲವರ ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲು. ಅದೂ ಅಪ್ಪ ಹೊಗೆಸೊಪ್ಪಿನ ಹೊಲದಿಂದಲೋ ಗ್ಯಾರೇಜಿನಿಂದಲೋ ಮನೆಗೆ ಬಂದ ಮೇಲೆ ಸಿಗುತ್ತಿತ್ತು. ವಿಡಿಯೋ ಕಳಿಸಿದರೆ ನೆಟ್‌ವರ್ಕ್ ಸಾಲುತ್ತಿರಲಿಲ್ಲ. ಆದ್ದರಿಂದ ಪಾಠವನ್ನು ಬರೀ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಲು ಶುರು ಮಾಡಿದೆ. ಖಾಲಿ ಕೋಣೆಯಲ್ಲಿ ಒಂದು ಮೈಕು, ಒಂದು ಚಿಕ್ಕ ಮಿಕ್ಸರ್, ಅದರಿಂದ ಯುಎಸ್‌ಬಿ ತಂತಿಯ ಮೂಲಕ ಲ್ಯಾಪ್‌ಟಾಪ್. ಇಷ್ಟೇ ನನ್ನ ಸ್ಟುಡಿಯೋ.

ಒಂದು ದಿನ ಉಕ್ತಲೇಖನ ಕಳಿಸಿದೆ. ಮಕ್ಕಳು ಕೇಳಿ ಬರೆದು ಫೋಟೋ ಕಳಿಸಬೇಕು. ಐದನೇ ತರಗತಿಯ ಒಬ್ಬ ಹುಡುಗಿ ‘ಹಕ್ಕಿ’ಯನ್ನು ‘ಅಕ್ಕಿ’ ಎಂದು ಬರೆದಿದ್ದಳು, ‘ಹರಸು’ ಎಂಬುದನ್ನು ‘ಅರಸು’ ಎಂದು. ನಮ್ಮ ಸೀಮೆಯಲ್ಲಿ ಹಕಾರ ನುಂಗುವುದು ಹೊಸದೇನಲ್ಲವಲ್ಲ, ಅದೇ ಅಭ್ಯಾಸ ಎಂದುಕೊಂಡು ಕೆಂಪು ಗೆರೆ ಎಳೆದೆ. ಫೋನು ಮಾಡಿ ಗದರಿದೆ ಕೂಡ. ಆದರೆ ಉರ್ದು ಉಕ್ತಲೇಖನದಲ್ಲಿ ಅದೇ ಹುಡುಗಿ ‘ಶೇರ್’ ಎಂಬಲ್ಲಿ ‘ಸೇರ್’ ಎಂದು ಬರೆದಿದ್ದಳು. ಸಿಂಹ ಹೋಗಿ ತೂಕದ ಸೇರು ಆಗಿತ್ತು! ಮನೆಮಾತೇ ಉರ್ದು ಆಗಿರುವ ಮಗು ಹೀಗೆ ಬರೆಯುವುದುಂಟೇ? ಉಳಿದ ಮಕ್ಕಳ ಪುಟಗಳನ್ನು ಮತ್ತೆ ನೋಡಿದೆ. ಬೇರೆ ಬೇರೆ ಊರಿನ ನಾಲ್ಕೈದು ಮಕ್ಕಳು ಅದೇ ಪದಗಳಲ್ಲಿ ಅದೇ ತಪ್ಪು ಮಾಡಿದ್ದರು. ಒಬ್ಬರ ತಪ್ಪಾದರೆ ಅದು ಮಗುವಿನದು. ಎಲ್ಲರದ್ದೂ ಒಂದೇ ಆದರೆ?

ಆ ಹುಡುಗಿಯ ತಾಯಿ ಮೆಲ್ಲಗೆ ಹೇಳಿದರು: “ಬೇಜಾರು ಮಾಡ್ಕೋಬೇಡಿ ಮಿಸ್, ನಿಮ್ಮ ಮಾತಿನ ಹಿಂದೆ ಜೀರುಂಡೆ ಕೂಗಿದ ಹಾಗೆ ಕೇಳುತ್ತೆ.”

ನಾನು ಅಲ್ಲಿಯವರೆಗೆ ನನ್ನ ರೆಕಾರ್ಡಿಂಗನ್ನು ಒಂದು ಸಲವೂ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿರಲಿಲ್ಲ. ಅಂದು ಕೇಳಿದೆ. ಕೆಳಗೆ ‘ಗುಂಯ್’ ಎಂಬ ದಪ್ಪ ಸದ್ದು, ಮೇಲೆ ‘ಕೀ’ ಎಂಬ ಸಣ್ಣ ಸದ್ದು. ಹಕಾರವೆಂದರೆ ಬರೀ ಉಸಿರು. ಅದು ಆ ಗದ್ದಲದಲ್ಲಿ ಮುಳುಗಿಹೋಗಿತ್ತು. ಕೆಂಪು ಗೆರೆ ಬೀಳಬೇಕಾಗಿದ್ದುದು ನನ್ನ ತಂತಿಗೆ. ನಾನು ಎಳೆದದ್ದು ಮಗುವಿನ ಪುಸ್ತಕದ ಮೇಲೆ.

ಈ ಸದ್ದು ಎಲ್ಲಿಂದ ಬರುತ್ತದೆ? ಸ್ವಲ್ಪ ತಾಳ್ಮೆಯಿಂದ ಕೇಳಿ. ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು, ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತೂಗುವಂಥದ್ದು. ‘ಗುಂಯ್’ ಎಂಬುದು ಆ 50ರ ಮತ್ತು ಅದರ ಇಮ್ಮಡಿ 100ರ ಸದ್ದು. ಇನ್ನು ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರು ಸೆಕೆಂಡಿಗೆ 1000 ಸಲ, ವೇಗದ ಬಗೆಯಲ್ಲಾದರೆ 8000 ಸಲ, ಮಾಹಿತಿಯ ಕಂತುಗಳನ್ನು ಕಳಿಸುತ್ತದೆ. ಆ ಲಯವೇ ದನಿಯೊಳಗೆ ನುಸುಳಿದರೆ ‘ಕೀ’ ಎಂದು ಕೇಳುತ್ತದೆ. ಮೌಸ್ ಆಡಿಸಿದಾಗ ಸದ್ದು ಬದಲಾದರೆ ಅದೂ ಕಂಪ್ಯೂಟರಿನ ಹೊಟ್ಟೆಯೊಳಗಿನ ಸದ್ದೇ.

ನುಸುಳುವ ದಾರಿ ಯಾವುದು? ಕೆ.ಆರ್. ನಗರದ ಕಡೆ ಗದ್ದೆ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡು ನಾಲೆಗಳಲ್ಲಿ ನೀರಿನ ಮಟ್ಟ ಒಂದೇ ಇರುವುದಿಲ್ಲ. ನಡುವೆ ಒಂದು ಕಾಲುವೆ ತೋಡಿದರೆ ಎತ್ತರದ ಕಡೆಯಿಂದ ತಗ್ಗಿಗೆ ನೀರು ಹರಿಯುತ್ತದೆ. ನನ್ನ ಲ್ಯಾಪ್‌ಟಾಪ್ ಚಾರ್ಜರ್ ಒಂದು ಗೋಡೆಯ ಸಾಕೆಟ್‌ನಲ್ಲಿತ್ತು, ಮಿಕ್ಸರ್ ಎದುರಿನ ಗೋಡೆಯದರಲ್ಲಿ. ಎರಡಕ್ಕೂ ಅರ್ಥಿಂಗ್ ಇತ್ತು, ಆದರೆ ಎರಡರ ಮಟ್ಟದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಯುಎಸ್‌ಬಿಯ ನಾಲ್ಕು ತಂತಿಗಳಲ್ಲಿ ಎರಡು ಮಾಹಿತಿಗೆ, ಒಂದು 5 ವೋಲ್ಟಿಗೆ, ಇನ್ನೊಂದು ಗ್ರೌಂಡ್. ಆ ಗ್ರೌಂಡ್ ತಂತಿಯೇ ನಡುವಿನ ಕಾಲುವೆಯಾಗಿ ಬೇಡದ ಕರೆಂಟು ಹರಿಯಿತು. ಇದನ್ನೇ ಗ್ರೌಂಡ್ ಲೂಪ್ ಎನ್ನುತ್ತಾರೆ. ಯುಎಸ್‌ಬಿಯಲ್ಲಿ ಹೋಗುವ ಅಂಕಿಗಳು ಇದರಿಂದ ಕೆಡುವುದಿಲ್ಲ. ಅಂಕಿಗಳಾಗುವ ಮೊದಲು ಮಿಕ್ಸರಿನೊಳಗೆ ಇರುವ ಮೈಕಿನ ಮೆಲುವಾದ ಸಂಕೇತ ಕೆಡುತ್ತದೆ.

ಇನ್ನು ನನ್ನ ಎರಡನೇ ತಪ್ಪು. ಇದು ಮೊದಲನೆಯದಕ್ಕಿಂತ ದೊಡ್ಡದು. ಪರಿಚಯದವರೊಬ್ಬರು ಸುಲಭದ ಉಪಾಯ ಹೇಳಿದರು: “ಮಿಕ್ಸರ್ ಪ್ಲಗ್ಗಿನ ದಪ್ಪ ಪಿನ್ನು ಕೆಲಸ ಮಾಡದ ಹಾಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿಬಿಡಿ.” ಹಾಕಿದೆ. ಸದ್ದು ನಿಂತಿತು! ಹಿಗ್ಗಿದೆ. ಕೆಲವು ದಿನಗಳ ಮೇಲೆ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿಟ್ಟು ಮೈಕು ಹಿಡಿದೆ. ಅಂಗೈ ಜುಮ್ಮೆಂದಿತು. ಆ ದಪ್ಪ ಪಿನ್ನೇ ಅರ್ಥಿಂಗ್. ಯಂತ್ರದೊಳಗೆ ತಂತಿ ಕಳಚಿ ಲೋಹದ ಮೈಗೆ ತಾಗಿದರೆ ಕರೆಂಟು ಭೂಮಿಗೆ ಹೋಗಿ ಫ್ಯೂಸು ಹಾರುವುದು ಆ ಪಿನ್ನಿನ ದಯೆಯಿಂದ. ಅದಿಲ್ಲದಿದ್ದರೆ ಮೈಕು ಹಿಡಿದವರೇ ದಾರಿ. ಶಾಲೆ ತೆರೆದ ಮೇಲೆ ಅದೇ ಮೈಕನ್ನು ಪದ್ಯ ಹೇಳುವ ಮಕ್ಕಳ ಕೈಗೆ ಕೊಡುವವಳಿದ್ದೆ. ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಓದುಗರೇ, ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಸದ್ದು ಹೋಗಲೆಂದು ಅರ್ಥಿಂಗ್ ಪಿನ್ನನ್ನು ಯಾವತ್ತೂ ತೆಗೆಯಬೇಡಿ, ತೆಗೆಯಲು ಬಿಡಬೇಡಿ.

ಹಾಗಾದರೆ ಸರಿಯಾದ ದಾರಿ ಯಾವುದು? ಅದೇ ಯುಎಸ್‌ಬಿ ಐಸೊಲೇಟರ್. ಬೆರಳುದ್ದದ ಚಿಕ್ಕ ಪೆಟ್ಟಿಗೆ. ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಕೂರುತ್ತದೆ. ಲಕ್ಷ್ಮಣತೀರ್ಥ ತುಂಬಿ ಹರಿಯುವಾಗ ಈ ದಡದವರು ಆ ದಡದವರಿಗೆ ಕೂಗಿ ಸುದ್ದಿ ಹೇಳುತ್ತಾರಲ್ಲ, ಹಾಗೆ. ಸುದ್ದಿ ದಾಟುತ್ತದೆ, ಕಾಲು ದಾಟುವುದಿಲ್ಲ. ಉದಾಹರಣೆಗೆ ಅನಲಾಗ್ ಡಿವೈಸಸ್ ಕಂಪನಿಯ ಎಡಿಯುಎಂ 4160 ಎಂಬ ಚಿಪ್ಪಿನಲ್ಲಿ ತೀರಾ ಸಣ್ಣ ತಂತಿಸುರುಳಿಗಳು ಎದುರುಬದುರು ಇರುತ್ತವೆ. ನಡುವೆ ವಿದ್ಯುತ್ತು ಹಾಯದ ತೆಳು ಪದರ. ಒಂದು ಸುರುಳಿಯ ಕಾಂತಶಕ್ತಿ ಇನ್ನೊಂದರಲ್ಲಿ ಸಂಕೇತ ಹುಟ್ಟಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವೇ ಇದು, ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನದೂ ಇದೇ. ಮಾಹಿತಿ ದಾಟಿತು, ಗ್ರೌಂಡ್ ತಂತಿಯ ಕಾಲುವೆ ಮುಚ್ಚಿತು. ಎರಡೂ ಯಂತ್ರಗಳ ಅರ್ಥಿಂಗ್ ಪಿನ್ನುಗಳು ಮಾತ್ರ ತಮ್ಮ ತಮ್ಮ ಸ್ಥಾನದಲ್ಲಿ ಭದ್ರವಾಗಿದ್ದವು.

ಆದರೆ ಕೂಡಲೇ ಅಂಗಡಿಗೆ ಓಡಬೇಡಿ. ಮೊದಲು ಖರ್ಚಿಲ್ಲದ ಪರೀಕ್ಷೆಗಳನ್ನು ಮಾಡಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ ನೋಡಿ. ಸದ್ದು ನಿಂತರೆ ದೋಷ ಆ ಕಡೆಯಿಂದಲೇ ಬರುತ್ತಿದೆ, ಚಿಕ್ಕ ಪಾಠಗಳಿಗೆ ಅಷ್ಟೇ ಸಾಕು. ಎರಡನೆಯದಾಗಿ, ಎಲ್ಲ ಯಂತ್ರಗಳನ್ನೂ ಮೂರು ಪಿನ್ನಿನ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ; ಮಟ್ಟದ ವ್ಯತ್ಯಾಸ ಬಹುಪಾಲು ಇಳಿಯುತ್ತದೆ. ಮೂರನೆಯದಾಗಿ, ಯುಎಸ್‌ಬಿ ತಂತಿಯನ್ನೇ ಕಿತ್ತು ಮಿಕ್ಸರಿಗೆ ನೇರವಾಗಿ ಹೆಡ್‌ಫೋನ್ ಹಾಕಿ ಕೇಳಿ. ಆಗಲೂ ಸದ್ದಿದ್ದರೆ ದೋಷ ಯುಎಸ್‌ಬಿ ದಾರಿಯದಲ್ಲ, ಐಸೊಲೇಟರ್ ತಂದು ಪ್ರಯೋಜನವಿಲ್ಲ. ಫ್ಯಾನಿನ ಗಾಳಿ, ಖಾಲಿ ಕೋಣೆಯ ಪ್ರತಿಧ್ವನಿ, ತಗಡಿನ ಮೇಲೆ ಬೀಳುವ ಮಳೆ, ಇವಕ್ಕೂ ಅದು ಮದ್ದಲ್ಲ.

ಕೊಳ್ಳುವಾಗ ಎರಡು ವಿಷಯ ಗಮನಿಸಿ. ಒಂದು ವೇಗ. ಮೇಲೆ ಹೇಳಿದ ಬಗೆಯ ಚಿಪ್ಪು ಸೆಕೆಂಡಿಗೆ 1 ಕೋಟಿ 20 ಲಕ್ಷ ಬಿಟ್ಟುಗಳನ್ನು ದಾಟಿಸುತ್ತದೆ. ನಮ್ಮ ಪಾಠಕ್ಕೆ ಎಷ್ಟು ಬೇಕು? ಸೆಕೆಂಡಿಗೆ 48,000 ಮಾದರಿ, ಒಂದೊಂದಕ್ಕೆ 16 ಬಿಟ್ಟು, ಎಡ ಬಲ ಎರಡು ದನಿ, ಗುಣಿಸಿದರೆ 15,36,000. ಧಾರಾಳವಾಗಿ ಸಾಲುತ್ತದೆ. ಆದರೆ ಕೆಲವು ಹೊಸ ಯಂತ್ರಗಳು 48 ಕೋಟಿಯ ವೇಗವನ್ನೇ ಕೇಳುತ್ತವೆ. ಅವಕ್ಕೆ ಆ ವೇಗದ, ಹೆಚ್ಚು ಬೆಲೆಯ ಐಸೊಲೇಟರೇ ಬೇಕು. ಎರಡನೆಯದು ಶಕ್ತಿ. ಯುಎಸ್‌ಬಿ 2.0 ಪೋರ್ಟು 500 ಮಿಲಿಆಂಪಿಯರ್ ತನಕ ಕೊಡಬಲ್ಲದು, ಅನೇಕ ಐಸೊಲೇಟರುಗಳು ಅಷ್ಟು ಕೊಡಲಾರವು. ಮಿಕ್ಸರಿಗೆ ಸ್ವಂತ ಪ್ಲಗ್ ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಪೆಟ್ಟಿಗೆಯ ಮೇಲೆ ಬರೆದ ಅಂಕಿ ಓದಿ. ಇನ್ನೊಂದು ಮಾತು: ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಅದೇ ಮಿಕ್ಸರಿಗೆ ಬೇರೊಂದು ತಂತಿ ಹೋಗಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ.

ಶಾಲೆಯ ಅರ್ಥಿಂಗ್ ಗುಂಡಿಯನ್ನೂ ಒಮ್ಮೆ ನೋಡಿಸಿ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅದು ಸರಿಯಾಗಿ ಕೆಲಸ ಮಾಡದು. ನೀರು ಹಾಕಿಸಿ, ಬಲ್ಲ ಎಲೆಕ್ಟ್ರಿಷಿಯನ್‌ನಿಂದ ಅಳತೆ ಮಾಡಿಸಿ. ಅರ್ಥಿಂಗ್ ಹೇಗಿರಬೇಕೆಂದು ಐಎಸ್ 3043 ಎಂಬ ಭಾರತೀಯ ಮಾನಕವೇ ಇದೆ.

ದನಿಯ ಬೆಲೆ ನಮ್ಮ ಜಿಲ್ಲೆಗೆ ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಅವರೂ ಒಬ್ಬ ಮೇಷ್ಟರೇ. ಇಂದು ಪ್ರತಿ ಶಿಕ್ಷಕರ ಜೇಬಿನಲ್ಲೂ ಅಂಥ ಒಂದು ಕೇಂದ್ರವಿದೆ. ಜವಾಬ್ದಾರಿಯೂ ಅಷ್ಟೇ ದೊಡ್ಡದು.

ಐಸೊಲೇಟರನ್ನು ಮೈಸೂರಿನಿಂದ ತರಿಸಿ ಹಾಕಿದೆ. ‘ಗುಂಯ್’ ನಿಂತಿತು, ‘ಕೀ’ ನಿಂತಿತು. ಮೈಕಿನ ಸಣ್ಣ ಸುಯ್ಯೆಂಬ ಸದ್ದು ಉಳಿಯಿತು, ಅದು ಇದ್ದೇ ಇರುತ್ತದೆ. ಅದೇ ಪದಗಳನ್ನು ಮತ್ತೆ ಓದಿ ಕಳಿಸಿದೆ. ಹಕ್ಕಿ ಹಕ್ಕಿಯಾಗಿಯೇ ಬಂತು, ಸಿಂಹ ಸಿಂಹವಾಗಿಯೇ. ಶಾಲೆ ತೆರೆದ ದಿನ ಆ ಹುಡುಗಿಯನ್ನು ಕರೆದು, ತಪ್ಪು ನಿನ್ನದಲ್ಲ, ನನ್ನದು ಎಂದೆ. ಅವಳು ನಕ್ಕು, “ಪರವಾಗಿಲ್ಲ ಮಿಸ್” ಎಂದು ತನ್ನ ಜಾಗಕ್ಕೆ ಹೋಗಿ ಕುಳಿತಳು.

ಮಾನ್ಯ ಓದುಗರೇ, ಮಗು ತಪ್ಪು ಬರೆದಾಗ ಕೆಂಪು ಶಾಯಿ ಎತ್ತಿಕೊಳ್ಳುವ ಮೊದಲು, ನಾವು ಹೇಳಿದ್ದು ಅದಕ್ಕೆ ಸರಿಯಾಗಿ ಕೇಳಿಸಿತೇ ಎಂದು ಒಮ್ಮೆ ಹೆಡ್‌ಫೋನ್ ಹಾಕಿ ನೋಡೋಣ.