ಫಲಕವಿಲ್ಲದ ಮರ

ಕುವೆಂಪು ಅವರ ಹೆಸರಿನ ಜೊತೆ ಎಲ್ಲರಿಗೂ ನೆನಪಾಗುವ ಊರು ಕುಪ್ಪಳಿ. ಆದರೆ ಅವರು ಹುಟ್ಟಿದ್ದು ನಮ್ಮ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ತಾಯಿ ಸೀತಮ್ಮನವರ ತವರು ಇದು. ಬಾಣಂತನ ಮುಗಿಸಿದ ಮಗಳನ್ನು ಕೂಸಿನ ಸಮೇತ ಗಂಡನ ಮನೆಗೆ ಕಳಿಸಿಕೊಡುವುದು ಮಲೆನಾಡಿನ ಪ್ರತಿ ತವರಿನ ಕಥೆ. ಆ ಕೂಸು ಬೆಳೆದ ಮನೆ ನೋಡಲು ನಾವೂ ಅದೇ ದಿಕ್ಕಿಗೆ ಹೊರಡಬೇಕು.

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳನ್ನು ಕುಪ್ಪಳಿಯ ಕವಿಮನೆಗೆ ಕರೆದುಕೊಂಡು ಹೋದೆ. ಮೂರಂತಸ್ತಿನ ಚೌಕಿಮನೆ. ನಡುವೆ ಅಂಗಳ, ತೋಳಿಗೆ ಸಿಗದಷ್ಟು ದಪ್ಪದ ಕಂಬಗಳು, ಉಪ್ಪರಿಗೆ. ಅಡುಗೆಮನೆಯ ಪಾತ್ರೆಗಳು, ಬೇಸಾಯದ ಸಾಮಾನುಗಳು, 1937ರಲ್ಲಿ ಹೇಮಾವತಿಯವರನ್ನು ವರಿಸಿದ ಮದುವೆಯ ಮಂಟಪ. ಎಲ್ಲವನ್ನೂ ಮಗು ಸುಮ್ಮನೆ ನೋಡಿತು.

ಮನೆಯ ಹತ್ತಿರದ ಗುಡ್ಡ ಕವಿಶೈಲದ ಹಾದಿ ಹತ್ತುವಾಗ ಬಾಯಿಬಿಟ್ಟಳು. “ಅಜ್ಜಯ್ಯಾ, ಇಲ್ಲಿ ಮರಗಳಿಗೆ ಬೋರ್ಡೇ ಇಲ್ಲವಲ್ಲ?”

ಅವಳು ಕಂಡದ್ದು ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಹಾಕಿಸಿದ ತೋಟ. ಅಲ್ಲಿನ ಕೆರೆಯ ದಂಡೆಯಲ್ಲಿ ಓಡಾಡಿ, ಮರದ ಮೈಮೇಲಿನ ಫಲಕ ಓದಿ ಬಂದವಳು. ಆ ಫಲಕಗಳ ಬಗ್ಗೆ ನನಗೆ ಗೌರವವಿದೆ. ಕಡಲಾಚೆಯಿಂದ ಬಂದು ಬೇರುಬಿಟ್ಟ ಮರದ ಹೆಸರನ್ನು ಬೇರೆ ಯಾರು ಹೇಳಿಯಾರು?

ಇಲ್ಲಿ ಹೇಳಬೇಕಾದವನು ನಾನು. ಬಗನಿ, ನಂದಿ, ಹೊನ್ನೆ ಎನ್ನುತ್ತ ನಡೆದೆ. ಉಪ್ಪಾಗೆಯ ಸಿಪ್ಪೆ ಒಣಗಿಸಿ ಹುಳಿಗೆ ಇಡುತ್ತಿದ್ದುದನ್ನು, ಅಂಟುವಾಳದ ನೊರೆಯಲ್ಲಿ ನನ್ನವ್ವ ತಲೆ ತಿಕ್ಕುತ್ತಿದ್ದುದನ್ನು ಹೇಳಿದೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’, ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಈ ಕಾಡು ಹೊಸದಲ್ಲ. ನನ್ನ ಮಟ್ಟಿಗೆ ಈ ಕಾಡಿನ ನಿಜವಾದ ಫಲಕಗಳು ಆ ಎರಡು ಕಾದಂಬರಿಗಳೇ. ಜನರ ಬಾಯಲ್ಲಿದ್ದ ಹೆಸರುಗಳನ್ನು ಹಾಗೆಯೇ ಕಾಪಿಟ್ಟವರು ಈಗ ಮೇಲೆ ಕವಿಶೈಲದ ಕಲ್ಲುಗಳ ನಡುವೆ ಮಲಗಿದ್ದಾರೆ.

ಒಂದು ಮರದ ಬುಡದಲ್ಲಿ ಮಾತ್ರ ನಿಂತುಬಿಟ್ಟೆ. ಚಿಕ್ಕಂದಿನಿಂದ ಕಂಡ ಮರ, ಹೆಸರು ನಾಲಿಗೆಗೆ ಬರಲಿಲ್ಲ. ನಿಜಕ್ಕೂ ಹೆದರಿಕೆಯಾಯಿತು. ನಾನು ಮರೆತರೆ ಈ ಮಗುವಿಗೆ ಆ ಹೆಸರು ಹುಟ್ಟಲೇ ಇಲ್ಲದಂತೆ.

ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬರನ್ನು ಕೇಳಿದೆ. “ರಾಮಪತ್ರೆ ಅಲ್ದಾ? ಕಾಯೊಳಗಿನ ಕೆಂಪು ಪತ್ರೆ ಒಣಗಿಸಿ ಮಸಾಲೆಗೆ ಹಾಕ್ತಾರೆ” ಎಂದು ನಿಲ್ಲದೆ ನಡೆದರು. ಮೊಮ್ಮಗಳು ಅಲ್ಲೇ ಕೂತು ಪುಸ್ತಕದಲ್ಲಿ ಬರೆದುಕೊಂಡಳು.

ಮರುದಿನ ಬೆಳಕು ಹರಿಯುವ ಮೊದಲೇ ನನ್ನನ್ನು ಎಬ್ಬಿಸಿ ನಮ್ಮ ಹಿತ್ತಲಿಗೆ ಎಳೆದೊಯ್ದಳು. ಕೈಯಲ್ಲಿ ಅದೇ ಪುಸ್ತಕ. ಬಾವಿಯ ಪಕ್ಕದ ಮರದಿಂದ ಶುರು ಮಾಡಿದೆವು.