ಊರಿಗೆ ತಕ್ಕ ಸೂರು

'ಕಾಲಕ್ಕೆ ತಕ್ಕ ಕೋಲ' ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಅದರ ಜೊತೆಗೆ 'ಊರಿಗೆ ತಕ್ಕ ಸೂರು' ಎಂದೂ ಸೇರಿಸಿಕೊಳ್ಳಬಹುದು. ಮನುಷ್ಯನಿಗೂ ಅವನ ಪರಿಸರಕ್ಕೂ ಇರಬೇಕಾದ ಹೊಂದಾಣಿಕೆ ಎಂದರೇನೆಂದು ತಿಳಿಯಲು ದೊಡ್ಡ ಗ್ರಂಥಗಳನ್ನು ತೆರೆಯಬೇಕಾಗಿಲ್ಲ. ನಾವು ಮಲಗುವ ಮನೆಯ ಚಾವಣಿಯನ್ನು ತಲೆಯೆತ್ತಿ ನೋಡಿದರೆ ಸಾಕು.

ಚಿತ್ರೀಕರಣಕ್ಕೆಂದು ನಾಡಿನ ನಾನಾ ಭಾಗಗಳಲ್ಲಿ ತಿರುಗುವ ನನಗೆ ಬಗೆಬಗೆಯ ಮನೆಗಳ ಒಳಹೊಕ್ಕು ನೋಡುವ ಅವಕಾಶ ಸಿಕ್ಕಿದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಹಳೆಯ ಮನೆಗಳ ಚಾವಣಿ ಕಡಿದಾದ ಇಳಿಜಾರು. ಸೂರು ಗೋಡೆಯನ್ನು ದಾಟಿ ಬಹಳ ಮುಂದಕ್ಕೆ ಚಾಚಿರುತ್ತದೆ. ಬಿದ್ದ ನೀರು ನಿಲ್ಲಬಾರದು, ಗೋಡೆ ನೆನೆಯಬಾರದು. ಕರಾವಳಿಗೆ ಇಳಿದರೆ ಜಂಬಿಟ್ಟಿಗೆಯ ಗೋಡೆ, ಹೆಂಚಿನ ಮಾಡು, ಗಾಳಿಯಾಡುವ ಜಗುಲಿ. ಕಲಬುರಗಿ, ವಿಜಯಪುರದ ಕಡೆ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ.

ಏಕೆ ಹೀಗೆ? ಸುಮ್ಮನೆ ಕುಳಿತಿರುವ ಮನುಷ್ಯನ ದೇಹವೂ ಸುಮಾರು ನೂರು ವ್ಯಾಟ್ ಶಾಖವನ್ನು ಹೊರಹಾಕುತ್ತಿರುತ್ತದೆ. ಅದು ಹೊರಗೆ ಹೋಗದಿದ್ದರೆ ದೇಹದ ಉಷ್ಣತೆ 37 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲದು. ಸುತ್ತಲಿನ ಗಾಳಿಯೇ ಮೈಗಿಂತ ಬಿಸಿಯಾದಾಗ ಉಳಿಯುವುದು ಒಂದೇ ದಾರಿ, ಬೆವರು ಆರುವುದು. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಬೇಗ ಆರದು. ಆದ್ದರಿಂದ ಅಲ್ಲಿ ಮನೆಯೊಳಗೆ ಗಾಳಿ ಬೀಸಬೇಕು. ಕಲಬುರಗಿಯ ಬೇಸಿಗೆಯ ಗಾಳಿ ಒಣಗಾಳಿ, ಆದರೆ ಬೆಂಕಿಯಂಥದು. ಅಲ್ಲಿ ಹಗಲಿನ ಗಾಳಿಯನ್ನು ಹೊರಗೇ ನಿಲ್ಲಿಸಬೇಕು. ದಪ್ಪ ಗೋಡೆಯನ್ನು ದಾಟಿ ಶಾಖ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಮನೆಯವರು ಹಾಸಿಗೆ ಹೊತ್ತು ಮಾಳಿಗೆ ಏರಿರುತ್ತಾರೆ. ಒಂದೇ ನಾಡು, ಒಂದೇ ಬೇಸಿಗೆ. ಆದರೆ ಎರಡು ಊರುಗಳ ಉತ್ತರ ಒಂದಕ್ಕೊಂದು ವಿರುದ್ಧ. ಎರಡೂ ಸರಿ.

ಇಂದು ನಾವು ಎಲ್ಲ ಊರಿಗೂ ಒಂದೇ ಬಗೆಯ ಕಟ್ಟಡ ಕಟ್ಟುತ್ತಿದ್ದೇವೆ. ಕಾಂಕ್ರೀಟ್ ತಾರಸಿ ಹಗಲೆಲ್ಲ ಬಿಸಿಲನ್ನು ಹೀರಿ, ರಾತ್ರಿ ಕೆಳಗೆ ಮಲಗಿದವರ ಮೇಲೆ ಅದನ್ನು ಸುರಿಯುತ್ತದೆ. ಗಾಜಿನ ಗೋಡೆ ಬಿಸಿಲನ್ನು ಒಳಗೆ ಬಿಡುತ್ತದೆ, ಒಳಗಿನ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲೂ 2016ರ ಏಪ್ರಿಲ್‌ನಲ್ಲಿ ಉಷ್ಣತೆ 39.2 ಡಿಗ್ರಿ ಮುಟ್ಟಿತು.

ಏರ್ ಕಂಡೀಷನರ್ ಇದೆಯಲ್ಲ ಎನ್ನುತ್ತೀರಾ? ಭೌತಶಾಸ್ತ್ರದ ಒಂದು ಸರಳ ಸಂಗತಿಯನ್ನು ನೆನಪಿಡಿ. ಆ ಯಂತ್ರ ಶಾಖವನ್ನು ನಾಶಮಾಡುವುದಿಲ್ಲ. ಕೋಣೆಯ ಶಾಖವನ್ನೂ ತಾನು ಬಳಸಿದ ವಿದ್ಯುತ್ತಿನ ಶಾಖವನ್ನೂ ಸೇರಿಸಿ ಬೀದಿಗೆ ತಳ್ಳುತ್ತದೆ. ನಮ್ಮ ತಂಪಿನ ಬೆಲೆಯನ್ನು ಬೀದಿಬದಿಯಲ್ಲಿ ಸೊಪ್ಪು ಮಾರುವಾಕೆ, ಪಕ್ಕದ ತಗಡಿನ ಮನೆಯ ಮಗು ತೆರುತ್ತಾರೆ. ಪರಿಸರದೊಡನೆ ನಾವು ಕೆಡಿಸಿಕೊಂಡ ಹೊಂದಾಣಿಕೆಯ ಭಾರ ಮೊದಲು ಬೀಳುವುದು ಇಂಥವರ ಮೇಲೆಯೇ.

ಇದು ಬರಿಯ ಅನುಕೂಲದ ಪ್ರಶ್ನೆಯೂ ಅಲ್ಲ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ ಸಾವಿರಕ್ಕೂ ಹೆಚ್ಚು ಸಾವುಗಳಾದವು. ಆ ನಗರ 2013ರಲ್ಲಿ ಬಿಸಿಲಿನ ಮುನ್ನೆಚ್ಚರಿಕೆಯ ಯೋಜನೆಯನ್ನು ರೂಪಿಸಿತು. ಮುಂದೆ ಬಡವರ ಮನೆಗಳ ಚಾವಣಿಗೆ ಬಿಳಿಯ ಬಣ್ಣ ಬಳಿಯುವ ಕೆಲಸವೂ ನಡೆಯಿತು. ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ವಿಜ್ಞಾನ ಇಷ್ಟೇ.

ಹಾಗೆಂದು ಎಲ್ಲರೂ ಅಜ್ಜನ ಮನೆಗೆ ಹಿಂದಿರುಗೋಣ ಎಂದು ನಾನು ಹೇಳುತ್ತಿಲ್ಲ. ಆ ಮನೆಗಳಲ್ಲಿ ಕತ್ತಲೆಯಿತ್ತು. ಅಡುಗೆಮನೆಯ ಹೊಗೆ ಹೆಂಗಸರ ಕಣ್ಣು, ಶ್ವಾಸಕೋಶಗಳನ್ನು ಕೆಡಿಸುತ್ತಿತ್ತು. ಮೂವತ್ತು ನಲವತ್ತರ ನಿವೇಶನದಲ್ಲಿ ತೊಟ್ಟಿಮನೆ ಕಟ್ಟುವುದೂ ಕಷ್ಟ. ಹಳೆಯ ಮನೆಯಿಂದ ಕಲಿಯಬೇಕಾದದ್ದು ಅದರ ಆಕಾರವನ್ನಲ್ಲ, ಅದರ ವಿವೇಕವನ್ನು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಈ ಹಾದಿಯಲ್ಲೇ ನಡೆದು, ಸ್ಥಳೀಯ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಸುಡದೆಯೇ ಒತ್ತಿ ತೆಗೆಯುವ ಇಟ್ಟಿಗೆಗಳನ್ನು ಬೆಳೆಸಿತು.

ನೀವು ಮನೆ ಕಟ್ಟಿಸುವವರಾದರೆ, ನೆಲದ ಟೈಲ್ಸಿನ ದರ ಕೇಳುವ ಮುನ್ನ ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಸಂಜೆಯ ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಕೇಳಿ. ಎದುರುಬದುರು ಕಿಟಕಿ ಇರಿಸಿ, ಕಿಟಕಿಯ ಮೇಲೆ ಸಜ್ಜೆ ಬಿಡಿ. ಬಾಡಿಗೆ ಮನೆಯವರಾದರೆ, ಮಾಲೀಕರನ್ನು ಒಪ್ಪಿಸಿ ಬೇಸಿಗೆಗೆ ಮುನ್ನ ತಾರಸಿಗೆ ಬಿಳಿಯ ಸುಣ್ಣ ಬಳಿಸಿ. ಪಡುವಣ ದಿಕ್ಕಿನಲ್ಲಿ ಜಾಗವಿದ್ದರೆ ಒಂದು ಹೊಂಗೆಯ ಸಸಿ ನೆಡಿ. ಅದರ ನೆರಳು ನಿಮ್ಮ ಗೋಡೆಗೂ ಬೀಳುತ್ತದೆ, ಬೀದಿಯಲ್ಲಿ ನಡೆಯುವವರ ತಲೆಗೂ ಬೀಳುತ್ತದೆ.