ಆಯಿಯ ಸುಕೇಳಿಗೆ ಬೆಲೆ ಕಟ್ಟಿದ್ದು



ಹಗಲು ಹಿಂಜವಡಿಯಲ್ಲಿ ಕೋಡ್ ಬರೀತೇನೆ, ರಾತ್ರಿ ಬಾಳೆಹಣ್ಣು ಒಣಗಿಸ್ತೇನೆ ಅಂತ ಹೇಳಿಕೊಂಡು ಎರಡು ವರ್ಷ ಓಡಾಡಿದ್ದೇನೆ. ಅದು ಸುಳ್ಳು. ಒಣಗಿಸ್ತಿದ್ದದ್ದು ನಮ್ಮ ಆಯಿ.

ನಮ್ಮದು ಯಲ್ಲಾಪುರದ ಕಡೆ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಸುಲಿದು, ಸೀಳಿ, ಒಣಗಿಸಿಟ್ಟರೆ ಅದೇ ಸುಕೇಳಿ. ಸಕ್ಕರೆ ಬೇಡ, ಎಣ್ಣೆ ಬೇಡ. ಪುಣೆಯಲ್ಲಿ ಇದನ್ನು ವಿವರಿಸಬೇಕಾಗುತ್ತೆ ಅಂದುಕೊಂಡಿದ್ದೆ. ಪಕ್ಕದ ಮನೆಯವರು ಒಂದು ತುಂಡು ಬಾಯಿಗೆ ಹಾಕಿಕೊಂಡು, ‘ಅರೆ, ಸುಕೇಳಿ! ನಮ್ಮ ವಸಈ ಕಡೆ ಮಾಡ್ತಾರೆ’ ಅಂದ್ರು. ಮರಾಠಿಯಲ್ಲೂ ಅದೇ ಹೆಸರು. ಅಮ್ಮನಿಗೂ ಇಲ್ಲಿ ‘ಆಈ’ ಅಂತಲೇ ಅನ್ನೋದು, ಹಾಗಾಗಿ ಇಡೀ ಸೊಸೈಟಿಗೆ ನಮ್ಮ ಆಯಿ ಆಯಿಯೇ.

ಶುರುವಾಗಿದ್ದು 2021ರಲ್ಲಿ. ಲಾಕ್‌ಡೌನ್, ಊರಲ್ಲಿ ಬಾಳೆಗೊನೆ ಕೇಳುವವರಿಲ್ಲ. ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಬಾಕಾಹು, ಅಂದರೆ ಬಾಳೆಕಾಯಿ ಹುಡಿಯ ಪ್ರಚಾರಕ್ಕೆ ಇಳಿದಿದ್ರು, ಜುಲೈ ತಿಂಗಳ ‘ಮನ್ ಕೀ ಬಾತ್’ನಲ್ಲೂ ಅದರ ಪ್ರಸ್ತಾಪ ಬಂತು. ಕಾಯಿಗೆ ಇಷ್ಟು ಮರ್ಯಾದೆ ಸಿಕ್ಕರೆ ಹಣ್ಣಿಗೆ ಯಾಕಿಲ್ಲ ಅಂತ ನನಗೆ ಅನ್ನಿಸ್ತು. ಅಪ್ಪ ತೀರಿಕೊಂಡ ಮೇಲೆ ಆಯಿ ನಮ್ಮ ಜೊತೆಗೇ ಇದ್ದಳು. ಅವಳಿಗೂ ಹೊತ್ತು ಹೋಗುತ್ತೆ ಅಂದುಕೊಂಡೆ. ಈ ‘ಹೊತ್ತು ಹೋಗುತ್ತೆ’ ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ.

ಕಾಗದಪತ್ರ ಕಷ್ಟವಾಗಲಿಲ್ಲ. ಆಗ ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ಎಫ್‌ಎಸ್‌ಎಸ್‌ಎಐ ಬೇಸಿಕ್ ರಿಜಿಸ್ಟ್ರೇಶನ್ ಸಾಕಿತ್ತು, ಫೀ ವರ್ಷಕ್ಕೆ 100 ರೂಪಾಯಿ. 14 ಅಂಕಿಯ ನಂಬರು ಲೇಬಲ್ ಮೇಲೆ ಬಂದ ದಿನ ನಾನು ಲಿಂಕ್ಡ್‌ಇನ್‌ನಲ್ಲಿ ‘ಫೌಂಡರ್’ ಆದೆ.

ಮೊದಲ ಪೆಟ್ಟು ಬಿದ್ದದ್ದು ಮಳೆಗಾಲದಲ್ಲಿ. ಫ್ಲ್ಯಾಟಿನಲ್ಲಿ ಬಿಸಿಲೆಲ್ಲಿ ಸಿಗಬೇಕು, ಒಂದು ಕರೆಂಟಿನ ಡ್ರೈಯರ್ ತಗೊಂಡಿದ್ದೆ. ಟ್ರೇ ಹೊರಗೆ ತೆಗೆದ ಕೂಡಲೇ ಪ್ಯಾಕ್ ಮಾಡಲು ಕೂತೆ. ಆಯಿ ಹೇಳಿದಳು: ‘ತಮಾ, ಬಿಶಿ ಇದ್ದಾಗ ತುಂಬಡ. ಒಂದ್ ರಾತ್ರೆ ಡಬ್ಬಿಲಿ ಇರ್ಲಿ.’ ನನಗೆ ಅವಸರ, ಕೇಳಲಿಲ್ಲ. ಹತ್ತು ದಿನಕ್ಕೆ ಗಿರಾಕಿಯೊಬ್ಬರು ಫೋಟೋ ಕಳಿಸಿದ್ರು, ಬಿಳಿ ಬೂಸ್ಟು. ಆ ಬ್ಯಾಚಿನಲ್ಲಿ ಮಾರಿದ್ದ 22 ಪ್ಯಾಕೆಟ್ಟಿನ ದುಡ್ಡನ್ನೂ ವಾಪಸ್ ಕೊಟ್ಟೆ.

ಆಮೇಲೆ ಕೂತು ಓದಿದೆ. ಎಂಟೆಕ್ ಮಾಡಿದವನ ಚಟ. ವಾಟರ್ ಆಕ್ಟಿವಿಟಿ, ಅಂದರೆ ಸೂಕ್ಷ್ಮಜೀವಿಗಳ ಕೈಗೆ ಸಿಗುವಷ್ಟು ನೀರು, 0.6ಕ್ಕಿಂತ ಕೆಳಗಿದ್ದರೆ ಬೂಸ್ಟು ಬೆಳೆಯೋದಿಲ್ಲ. ಆದರೆ ಒಂದೇ ಟ್ರೇನಲ್ಲಿ ತೆಳು ಸೀಳು ಪೂರ್ತಿ ಒಣಗಿರುತ್ತೆ, ದಪ್ಪದ್ದರ ಹೊಟ್ಟೆಯಲ್ಲಿ ಇನ್ನೂ ಹಸಿ ಇರುತ್ತೆ. ಎಲ್ಲವನ್ನೂ ಆರಿಸಿ ಒಂದು ಡಬ್ಬಿಯಲ್ಲಿ ಮುಚ್ಚಿಟ್ಟರೆ ತೇವ ಒಂದರಿಂದ ಇನ್ನೊಂದಕ್ಕೆ ಹೋಗಿ ಸಮ ಆಗುತ್ತೆ, ಡಬ್ಬಿ ಒಳಗೆ ಬೆವರಿದರೆ ಇನ್ನಷ್ಟು ಒಣಗಿಸಬೇಕು ಅಂತ ಗೊತ್ತಾಗುತ್ತೆ. ಪುಸ್ತಕದಲ್ಲಿ ಇದಕ್ಕೆ ಕಂಡೀಶನಿಂಗ್ ಅಂತಾರೆ. ಆಯಿ ಹೇಳಿದ್ದೂ ಅದನ್ನೇ.

ದೀಪಾವಳಿಗೆ ಒಂದು ಆಫೀಸಿನಿಂದ 200 ಪ್ಯಾಕೆಟ್ ಆರ್ಡರ್ ಬಂತು. ನಾನು ಕುಣಿದಾಡಿದೆ. ಅದರ ಅರ್ಧ ಮುಗಿಯೋ ಹೊತ್ತಿಗೆ ಆಯಿಯ ಹೆಬ್ಬೆರಳು ಬಾತು ಚಾಕು ಹಿಡಿಯೋಕೆ ಆಗದಂತಾಯ್ತು. ಆ ರಾತ್ರಿ ನನ್ನ ಎಕ್ಸೆಲ್ ಶೀಟ್ ನೋಡಿದ ಹೆಂಡತಿ ಕೇಳಿದಳು: ‘ಇದರಲ್ಲಿ ಅತ್ತೆ ಯಾವ ಕಾಲಮ್‌ನಲ್ಲಿದ್ದಾರೆ?’

ಇರಲಿಲ್ಲ. ಶೀಟ್ ಹೀಗಿತ್ತು. 12 ಕಿಲೋ ಹಣ್ಣು, 480 ರೂಪಾಯಿ. ಕರೆಂಟು 180. ಪೌಚು, ಲೇಬಲ್ಲು 144. ಒಟ್ಟು 804. ಐದು ಕಿಲೋ ಹಣ್ಣಿಗೆ ಹೆಚ್ಚು ಕಡಿಮೆ ಒಂದು ಕಿಲೋ ಸುಕೇಳಿ. ಹಾಗಾಗಿ ನೂರು ಗ್ರಾಮಿನ 24 ಪ್ಯಾಕೆಟ್ಟು, 60ರಂತೆ 1,440. ಉಳಿಕೆ 636. ಇದನ್ನು ನಾನು ಲಾಭ ಅಂತ ಕರೀತಿದ್ದೆ.

ಸುಲಿಯೋದು, ಸೀಳೋದು, ಮಗುಚೋದು, ಆರಿಸೋದು, ತುಂಬೋದು ಸೇರಿ ಆಯಿಗೆ ಒಂದು ಬ್ಯಾಚಿಗೆ ಏಳು ಗಂಟೆ. ನಮ್ಮಲ್ಲಿ ಅಡುಗೆಗೆ ಬರುವವರಿಗೆ ಕೊಡೋ ಲೆಕ್ಕದಲ್ಲಿ ಗಂಟೆಗೆ 80 ಅಂದ್ರೂ 560. ಉಳಿಯೋದು 76 ರೂಪಾಯಿ. ಡೆಲಿವರಿಯ ಪೆಟ್ರೋಲ್ ಬೇರೆ.

ಇಂಥ ವೇದಿಕೆಗಳಲ್ಲಿ ನಾನು ಲಿಜ್ಜತ್ ಉದಾಹರಣೆ ತಪ್ಪದೇ ಕೊಡ್ತಿದ್ದೆ. 1959, ಮುಂಬೈಯ ಗಿರ್‌ಗಾಂವ್, ಏಳು ಮಂದಿ ಹೆಂಗಸರು, 80 ರೂಪಾಯಿ ಸಾಲ. ಚಪ್ಪಾಳೆ ಬೀಳ್ತಿತ್ತು. ಅಲ್ಲಿ ಹಪ್ಪಳ ಲಟ್ಟಿಸುವವರಿಗೆ ಕಿಲೋ ಲೆಕ್ಕದಲ್ಲಿ ದುಡ್ಡು ಸಿಗುತ್ತೆ, ಅವರೇ ಸಂಸ್ಥೆಯ ಒಡತಿಯರು ಅನ್ನೋದನ್ನು ಮಾತ್ರ ನಾನು ಹೇಳ್ತಿರಲಿಲ್ಲ.

ಆಫೀಸಿಗೆ ಫೋನ್ ಮಾಡಿ, 100 ಪ್ಯಾಕೆಟ್ ಮಾತ್ರ ಆಗುತ್ತೆ, ಕ್ಷಮಿಸಿ ಅಂದೆ. ಬೆಲೆ 85 ಮಾಡಿದೆ. ಸುಮಾರು ಜನ ಬಿಟ್ಟುಹೋದ್ರು. ವಾರಕ್ಕೆ ಮೂರು ಬ್ಯಾಚ್ ಇದ್ದದ್ದು ಈಗ ಒಂದೇ. ಸೀಳೋದು ನಾನು, ಶನಿವಾರ. ನನ್ನ ಸೀಳು ಈಗಲೂ ದಪ್ಪ-ತೆಳು.

ಆಯಿಯ ಹೆಸರಲ್ಲಿ ಖಾತೆ ತೆಗೆದು, ಬ್ಯಾಚಿಗೆ ಇಷ್ಟು ಅಂತ ಹಾಕೋಕೆ ಶುರು ಮಾಡಿದಾಗ ಅವಳಿಗೆ ಸಿಟ್ಟೇ ಬಂತು. ‘ಮಗನ ಮನೆಲಿ ಕೂಲಿಯಾ?’ ಅಂತ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ತಿಂಗಳುಗಟ್ಟಲೆ ಆ ದುಡ್ಡು ಮುಟ್ಟಲೂ ಇಲ್ಲ. ಹೋದ ವಾರ ಸೊಸೆಯನ್ನು ಜೊತೆಗೆ ಕರಕೊಂಡು ಎಟಿಎಮ್ಮಿಗೆ ಹೋಗಿ ಬಂದಳಂತೆ. ಸಂಜೆ ನಾನು ಮನೆಗೆ ಬಂದಾಗ ಯಲ್ಲಾಪುರದ ಸ್ಲೀಪರ್ ಬಸ್ಸಿನ ಟಿಕೆಟ್ ಆಗಿತ್ತು, ಚೀಲವೂ ತುಂಬಿತ್ತು. ನನ್ನನ್ನು ಕೇಳಿರಲಿಲ್ಲ.

ಹಾಗಾಗಿ ಇವತ್ತು ನಿಮಗೆ ರುಚಿ ನೋಡೋಕೆ ಸುಕೇಳಿ ತಂದಿಲ್ಲ. ಆರ್ಡರ್ ತಗೊಳ್ಳೋದೂ ನಿಲ್ಲಿಸಿದ್ದೇವೆ. ಆಯಿ ಬರೋದು ಮುಂದಿನ ತಿಂಗಳು 18ಕ್ಕಂತೆ.